ಬೆಟ್ಟದಲ್ಲಿ ಮಡಿದವರ ದೋಷವಿಚಾರ

ಮಹಾಭಾರತದ ಪರ್ವಗಳಲ್ಲಿ ಮಹಾಪ್ರಸ್ಥಾನಿಕವೆಂಬುದು ಬಹು ಚಿಕ್ಕದು. ಆದರೂ ಅದನ್ನು ಓದಿದವರ ಮನಸ್ಸಿನಿಂದ ಅದು ಬೇಗನೆ ಅಳಿಯುವುದಿಲ್ಲ. ರಾಜ್ಯವನ್ನು ಪರೀಕ್ಷಿತನಿಗೆ ಒಪ್ಪಿಸಿ, ನಾರುಮಡಿಯುಟ್ಟು ಹೊರಟ ಪಾಂಡವರು ಹಿಮವಂತನನ್ನು ದಾಟಿ ಮೇರುವಿನ ಕಡೆಗೆ ನಡೆಯುತ್ತಿರುವಾಗ ಮೊದಲು ದ್ರೌಪದಿಯೂ, ಬಳಿಕ ಸಹದೇವ ನಕುಲ ಅರ್ಜುನರೂ ಒಬ್ಬೊಬ್ಬರಾಗಿ ಬೀಳುವರು. ಒಬ್ಬೊಬ್ಬರು ಬಿದ್ದಾಗಲೂ ಭೀಮಸೇನನು ಕಾರಣವೇನೆಂದು ಕೇಳುವನು. ಧರ್ಮರಾಜನು ಹಿಂದಿರುಗಿ ನೋಡದೆಯೇ ಉತ್ತರ ಹೇಳುವನು: ಆಕೆಗೆ ಪಾರ್ಥನಲ್ಲಿ ಪಕ್ಷಪಾತವಿತ್ತು, ಒಬ್ಬನಿಗೆ ಪ್ರಾಜ್ಞತೆಯ ಗರ್ವ, ಮತ್ತೊಬ್ಬನಿಗೆ ರೂಪದ ಗರ್ವ, ಇನ್ನೊಬ್ಬನಿಗೆ ಶೌರ್ಯದ ಜಂಬ. ಕಡೆಗೆ ಬಿದ್ದ ಭೀಮನಿಗೂ ಅವನ ಅತಿಭೋಜನವನ್ನೂ ಬಲದ ಹೆಮ್ಮೆಯನ್ನೂ ಹೇಳಿ ಮುಂದೆ ನಡೆದುಬಿಡುವನು.

ಪುರಾಣಧರ್ಮದಲ್ಲಿ ಈ ಉತ್ತರಕ್ಕೆ ತಕ್ಕ ಸ್ಥಾನವುಂಟು. ಅದು ಕರ್ಮಫಲದ ವಿಚಾರ. ಆದರೆ ಅದೇ ದಾರಿಯಲ್ಲಿ ಮರುದಿನ ನಡೆಯಬೇಕಾದ ಒಬ್ಬ ಯಾತ್ರಿಕನು ಈ ಉತ್ತರವನ್ನು ಕೇಳಿದನೆನ್ನೋಣ. ಅವನಿಗೆ ಇದರಿಂದ ಏನು ಪ್ರಯೋಜನ? ಎಲ್ಲಿ ಮಂಜು ಸಡಿಲವಾಗಿತ್ತು, ಯಾವ ಹೊತ್ತಿನಲ್ಲಿ ಗಾಳಿಯೆದ್ದಿತು, ಯಾರು ಯಾರಿಂದ ಎಷ್ಟು ದೂರದಲ್ಲಿದ್ದರು ಎಂಬುದೊಂದನ್ನೂ ಧರ್ಮರಾಜನು ಹೇಳಲಿಲ್ಲ. ಪ್ರಶ್ನೆಯು ದಾರಿಯನ್ನು ಕುರಿತದ್ದಾಗಿರಬಹುದಾಗಿತ್ತು. ಉತ್ತರವು ಬಿದ್ದವರ ಶೀಲವನ್ನು ಕುರಿತದ್ದಾಯಿತು.

2024ನೆಯ ಇಸವಿಯ ಜೂನ್ ಮೊದಲ ವಾರದಲ್ಲಿ ಬೆಂಗಳೂರಿನ ಅನೇಕ ಮನೆಗಳಲ್ಲಿ ಈ ಎರಡು ಬಗೆಯ ವಿಚಾರಗಳೂ ಒಟ್ಟಿಗೆ ಎದ್ದವು. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ, 14,000 ಅಡಿಗಿಂತಲೂ ಮೇಲಿರುವ ಸಹಸ್ರತಾಲವೆಂಬ ಸರೋವರಪ್ರದೇಶಕ್ಕೆ ಹೋಗಿದ್ದ 22 ಮಂದಿಯ ತಂಡವೊಂದು ಹಿಂದಿರುಗುವ ದಾರಿಯಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿತು. ಅವರಲ್ಲಿ ಮೂವರು ಆ ಸೀಮೆಯ ಮಾರ್ಗದರ್ಶಕರು. ಉಳಿದವರಲ್ಲಿ ಬಹುಮಂದಿ ಕರ್ನಾಟಕದವರು, ಅರವತ್ತು ಮೀರಿದವರೂ ಇದ್ದರು. ಒಂಬತ್ತು ಮಂದಿ ಮಡಿದರು, ಹದಿಮೂವರು ಉಳಿದರು. ವಾಯುಸೇನೆಯ ಹೆಲಿಕಾಪ್ಟರುಗಳೂ ಆ ರಾಜ್ಯದ ವಿಪತ್ತು ನಿವಾರಣಾ ದಳದವರೂ ಸೇರಿ ಬದುಕಿದವರನ್ನೂ ಶವಗಳನ್ನೂ ಕೆಳಗೆ ತಂದರು. ಕರ್ನಾಟಕದ ಕಂದಾಯ ಮಂತ್ರಿಗಳಾದ ಕೃಷ್ಣ ಬೈರೇಗೌಡರು ತಾವೇ ಡೆಹ್ರಾಡೂನಿಗೆ ಹೋಗಿ ನಿಂತು ವ್ಯವಸ್ಥೆ ಮಾಡಿಸಿದರು.

ಜಯನಗರ, ಬನಶಂಕರಿ, ಜೆ. ಪಿ. ನಗರಗಳಂಥ ಬಡಾವಣೆಗಳಲ್ಲಿ ಬೆಟ್ಟ ಹತ್ತುವ ಹವ್ಯಾಸವುಳ್ಳವರ ಸಂಖ್ಯೆ ಸಣ್ಣದಲ್ಲ. ಭಾನುವಾರ ಬೆಳಗಾಗುವ ಮೊದಲೇ ಸಾವನದುರ್ಗಕ್ಕೋ ರಾಮನಗರದ ಬಂಡೆಗಳಿಗೋ ಹೊರಡುವವರು ಅಲ್ಲಿ ಬೀದಿಬೀದಿಗೂ ಸಿಗುವರು. (ರಾಮನಗರವೆಂದರೆ 1975ರ ಶೋಲೆ ಚಿತ್ರವನ್ನು ಮಾತ್ರ ನೆನೆಯುವವರಿಗೆ ಆ ಬಂಡೆಗಳ ಮತ್ತೊಂದು ಬಾಳು ತಿಳಿಯದು.) ಬನಶಂಕರಿಯ ಹೊರವಲಯದ ತುರಹಳ್ಳಿ ಗುಡ್ಡದ ಗುಂಡುಕಲ್ಲುಗಳ ಮೇಲೆ ಬೆರಳು ಪಳಗಿಸಿಕೊಂಡವರು ಎಷ್ಟೋ ಮಂದಿ. ಇಂಥವರು ಒಬ್ಬರನ್ನೊಬ್ಬರು ಬಲ್ಲರು. ಒಂದೇ ಹಗ್ಗಕ್ಕೆ ಪ್ರಾಣವನ್ನು ಒಪ್ಪಿಸಿದವರ ನಡುವಣ ಸ್ನೇಹವು ನೆರೆಹೊರೆಯ ಸ್ನೇಹಕ್ಕಿಂತ ಗಾಢವಾದುದು. ಹೀಗಿರಲು ಒಂಬತ್ತು ಮಂದಿಯ ಸಾವು ಅವರಿಗೆ ಪತ್ರಿಕೆಯ ಸುದ್ದಿಯಾಗಿ ಉಳಿಯಲಿಲ್ಲ.

ಆಗ ಹೊರಗಿನವರಿಂದ ಬರುವ ಮೊದಲ ಮಾತು, "ಆ ವಯಸ್ಸಿನಲ್ಲಿ ಅಲ್ಲಿಗೆ ಏಕೆ ಹೋಗಬೇಕಾಗಿತ್ತು?" ಎಂಬುದು. ಅದರ ರೂಪವು ಭೀಮನ ಪ್ರಶ್ನೆಯದು, ತಿರುಳು ಧರ್ಮರಾಜನ ಉತ್ತರದ್ದು. 2013ರ ಜೂನಿನಲ್ಲಿ ಕೇದಾರದ ಜಲಪ್ರಳಯದಲ್ಲಿ ಸಾವಿರಾರು ಮಂದಿ ಯಾತ್ರಿಕರು ಮಡಿದಾಗ ಅವರ ವಯಸ್ಸನ್ನು ಯಾರೂ ಹೀಗೆ ಎಣಿಸಲಿಲ್ಲ. ಅದೇ ಹಿಮವಂತನ ಮಡಿಲಲ್ಲಿ ದೇವರ ಹೆಸರನ್ನು ಹೇಳಿಕೊಂಡು ಹೋದವನ ಸಾವು ಪುಣ್ಯವೆನಿಸಿಕೊಳ್ಳುವುದು. ಹಿಮವನ್ನೇ ನೋಡಬೇಕೆಂದು ಹೋದವಳ ಸಾವು ಹುಚ್ಚುತನವೆನಿಸಿಕೊಳ್ಳುವುದು. ಈ ಭೇದವು ನ್ಯಾಯವಾದುದಲ್ಲ. ಸಂಸಾರದ ಭಾರವನ್ನೆಲ್ಲ ಇಳಿಸಿದ ಮೇಲೆ ತನ್ನ ಕಾಲಿನ ಬಲದಿಂದ ಒಂದು ಸರೋವರವನ್ನು ಕಾಣಬೇಕೆಂಬ ಗೃಹಿಣಿಯ ಆಸೆಯಲ್ಲಿ ಹೀನವಾದುದು ಏನಿದೆ?

ಒಳಗಿನವರ ತಪ್ಪು ಬೇರೆ ಬಗೆಯದು. ಅವರು ನಿಂದಿಸುವುದಿಲ್ಲ, ಸುಮ್ಮನಾಗುವರು. "ತಮಗೆ ಪ್ರಿಯವಾದ ಕಾರ್ಯದಲ್ಲಿಯೇ ದೇಹ ಬಿಟ್ಟರು," "ಬೆಟ್ಟವೇ ಅವರನ್ನು ಕರೆದುಕೊಂಡಿತು," "ಹಣೆಯಲ್ಲಿ ಬರೆದದ್ದು" ಎಂದು ಹೇಳಿ ಕಣ್ಣೊರೆಸಿಕೊಳ್ಳುವರು. ಶೋಕದ ಮೊದಲ ದಿನಗಳಲ್ಲಿ ಈ ಮಾತುಗಳು ಔಷಧವೇ ಸರಿ. ಆದರೆ ವರ್ಷ ಕಳೆದ ಮೇಲೂ ಅವೇ ಉಳಿದರೆ, ಮೃತರ ಮೇಲಣ ಪ್ರೀತಿಯು ಇನ್ನು ಮುಂದೆ ಹತ್ತುವವರ ಮೇಲಣ ದ್ರೋಹವಾಗುವುದು. ಈ ಮಾತು ಕಠಿನವೆಂದು ತೋರಬಹುದು. ಆದರೂ ಹೇಳದೆ ವಿಧಿಯಿಲ್ಲ.

ದೈವವೆಂಬ ಮಾತನ್ನು ತಂದವರು ಗೀತೆಯ ಹದಿನೆಂಟನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಅಲ್ಲಿ ಪ್ರತಿಯೊಂದು ಕರ್ಮಕ್ಕೂ ಐದು ಕಾರಣಗಳನ್ನು ಹೇಳಿದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ದೈವವು ಐದನೆಯದು. ಮೊದಲ ನಾಲ್ಕನ್ನೂ ಎಣಿಸದೆ ಐದನೆಯದಕ್ಕೆ ಹಾರುವುದು ಶಾಸ್ತ್ರಸಮ್ಮತವಲ್ಲ. ಅಧಿಷ್ಠಾನಕ್ಕೆ ಭಾಷ್ಯಕಾರರು ಶರೀರವೆಂದು ಅರ್ಥ ಹೇಳುವರು. ಗಿರಿಯಾತ್ರೆಯ ಪ್ರಸಂಗದಲ್ಲಿ ಶರೀರದೊಡನೆ ಅದು ನಿಂತ ನೆಲವನ್ನೂ ಬೀಸುವ ಗಾಳಿಯನ್ನೂ ಸೇರಿಸಿಕೊಂಡರೆ ಬಾಧಕವಿಲ್ಲ. ಕರಣವೆಂದರೆ ಇಲ್ಲಿ ಹಗ್ಗ, ಉಡುಪು, ಗುಡಾರ. ಅದೇ ಸಂದರ್ಭದಲ್ಲಿ, ಐದು ಇರುವಾಗ ಒಬ್ಬನನ್ನೇ ಕರ್ತೃವೆಂದು ಕಾಣುವವನ ಬುದ್ಧಿಯು ಸಂಸ್ಕಾರ ಹೊಂದಿದುದಲ್ಲವೆಂದೂ ಹೇಳಿದೆ. ಅದು ಆತ್ಮವಿಚಾರಕ್ಕೆ ಸಂಬಂಧಿಸಿದ ಮಾತು, ನಿಜ. ಲೋಕವ್ಯವಹಾರಕ್ಕೂ ಅದು ಸಲ್ಲುವುದು: ತಂಡದ ನಾಯಕನೊಬ್ಬನ ತಲೆಗೆ ಎಲ್ಲವನ್ನೂ ಕಟ್ಟಿ ನಿಶ್ಚಿಂತರಾಗುವವರೂ, ಎಲ್ಲವನ್ನೂ ದೈವಕ್ಕೆ ಕಟ್ಟಿ ನಿಶ್ಚಿಂತರಾಗುವವರಂತೆಯೇ, ನಾಲ್ಕನ್ನು ಬಿಟ್ಟು ಒಂದನ್ನು ಹಿಡಿದವರು.

ಪಶ್ಚಿಮದೇಶದ ಒಂದು ಪ್ರಸಿದ್ಧ ಉದಾಹರಣೆಯು ಇದನ್ನು ಚೆನ್ನಾಗಿ ತೋರಿಸುವುದು. 1865ನೆಯ ಇಸವಿ ಜುಲೈ 14ರಂದು ಎಡ್ವರ್ಡ್ ವಿಂಪರನೂ ಸಂಗಡಿಗರೂ ಸೇರಿ ಏಳು ಮಂದಿ ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರವನ್ನು ಮೊಟ್ಟಮೊದಲು ಮೆಟ್ಟಿದರು. ಇಳಿಯುವಾಗ ಅನುಭವವಿಲ್ಲದ ಒಬ್ಬ ತರುಣನು ಜಾರಿದನು. ಹಗ್ಗ ಹರಿದು ನಾಲ್ವರು ಪ್ರಪಾತಕ್ಕೆ ಬಿದ್ದರು. ಆ ಮೇಲೆ ಲೋಕವೆಲ್ಲ ಕೇಳಿದ್ದು ಒಂದೇ: ಮಾರ್ಗದರ್ಶಕನಾದ ಹಿರಿಯ ಟೌಗ್ವಾಲ್ಡರನು ತನ್ನ ಪ್ರಾಣವನ್ನು ಉಳಿಸಿಕೊಳ್ಳಲು ಹಗ್ಗವನ್ನು ಕತ್ತರಿಸಿದನೇ? ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದು ತೀರ್ಮಾನವಾದರೂ ಸಂಶಯದ ಮಸಿ ಅವನನ್ನು ಬಿಡಲಿಲ್ಲ. ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಅವರ ಬಳಿ ಇದ್ದ ಹಗ್ಗಗಳಲ್ಲಿ ಅತ್ಯಂತ ದುರ್ಬಲವಾದುದನ್ನೇ ಆ ಸ್ಥಳದಲ್ಲಿ ಕಟ್ಟಿದುದೇಕೆ? ಅಷ್ಟು ಅನನುಭವಿಯನ್ನು ಅಂಥ ಇಳಿಜಾರಿಗೆ ಕರೆತಂದುದೇಕೆ? ಹರಿದ ಆ ಹಗ್ಗವನ್ನು ಈಗಲೂ ಜರ್ಮಾಟ್ ಊರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವರು. ಅದು ಒಬ್ಬನ ಶೀಲಕ್ಕೆ ಸಾಕ್ಷಿಯಲ್ಲ, ಒಂದು ಆಯ್ಕೆಗೆ ಸಾಕ್ಷಿ.

ಅಮೆರಿಕೆಯ ಆಲ್ಪೈನ್ ಕ್ಲಬ್ಬಿನವರು 1948ರಿಂದ ವರ್ಷಕ್ಕೊಂದು ಪುಸ್ತಕವನ್ನು ಪ್ರಕಟಿಸುತ್ತ ಬಂದಿರುವರು. ಪರ್ವತಗಳಲ್ಲಿ ಆದ ಅಪಘಾತಗಳ ವೃತ್ತಾಂತವನ್ನೂ ಅವುಗಳ ವಿಶ್ಲೇಷಣೆಯನ್ನೂ ಅದರಲ್ಲಿ ಅಚ್ಚು ಮಾಡುವರು. ವೈದ್ಯರು ಕೂಡ ಆಸ್ಪತ್ರೆಗಳಲ್ಲಿ ರೋಗಿಯ ಮರಣಾನಂತರ ಸಭೆ ಸೇರಿ, ಎಲ್ಲಿ ಏನು ತಪ್ಪಿತೆಂದು ತಮ್ಮತಮ್ಮಲ್ಲಿ ಪರೀಕ್ಷಿಸಿಕೊಳ್ಳುವ ಪದ್ಧತಿ ಉಂಟು. ಪೋಲೀಸಿನವರ ವಿಚಾರಣೆಯು ದಂಡನೆಗಾಗಿ ನಡೆಯುವುದು. ಅಲ್ಲಿ ಬಾಯಿ ಬಿಟ್ಟವನಿಗೆ ನಷ್ಟ, ಮುಚ್ಚಿದವನಿಗೆ ಲಾಭ. ಆದ್ದರಿಂದ ಸತ್ಯವು ಹೊರಬೀಳಬೇಕಾದರೆ ದಂಡವಿಲ್ಲದ ಮತ್ತೊಂದು ವಿಚಾರಣೆ ಬೇಕು. ಅದನ್ನು ಹತ್ತುವವರ ಸಂಘಗಳೇ ನಡೆಸಬೇಕು. ಅದರಲ್ಲಿ ಮಾತನಾಡುವ ಅಧಿಕಾರವು ಮೊದಲು ಬದುಕಿ ಬಂದವರದು. ಕೇಳುವವನು, "ನಾನು ಅಲ್ಲಿದ್ದರೆ ಹೀಗೆ ಮಾಡುತ್ತಿರಲಿಲ್ಲ" ಎಂಬ ಅಹಂಕಾರವನ್ನು ಬಾಗಿಲಲ್ಲಿಯೇ ಬಿಟ್ಟು ಬರತಕ್ಕದ್ದು.

ಈ ಅಹಂಕಾರವು ಸುಳ್ಳೆಂಬುದಕ್ಕೆ ಶರೀರಶಾಸ್ತ್ರವೇ ಪ್ರಮಾಣ. ಸಹಸ್ರತಾಲದ ದಾರಿಯಲ್ಲಿ ಕೊಂದದ್ದು ಬೀಳುವಿಕೆಯಲ್ಲ, ಶೀತ. ಮನುಷ್ಯನ ಒಳಮೈಯ ಉಷ್ಣವು ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿಯಿತೆಂದರೆ ಅಪಾಯವು ತೊಡಗಿತು. ತೊಯ್ದ ಬಟ್ಟೆಯೂ ಗಾಳಿಯೂ ಸೇರಿದರೆ ಮೈಯ ಕಾವನ್ನು ಬಹು ಬೇಗನೆ ಹೀರಿಬಿಡುವುವು. ಮೊದಲು ನಡುಕ, ಬಳಿಕ ಮಾತು ತೊದಲುವುದು, ಹೆಜ್ಜೆ ತಪ್ಪುವುದು, ಆ ಹೊತ್ತಿಗೆ ವಿವೇಕವೂ ಮಂಕಾಗಿರುವುದು. ಕೊಂಚ ಹೊತ್ತು ಇಲ್ಲಿಯೇ ಕುಳಿತಿರೋಣವೆಂಬ ಆಸೆ ಬಲವಾಗುವುದು. ಕೊನೆಯ ಘಟ್ಟದಲ್ಲಿ ಸೆಕೆಯಾಗುತ್ತಿದೆಯೆಂದು ಮೈಮೇಲಿನ ಬಟ್ಟೆಯನ್ನು ಕಳಚಿದವರೂ ಉಂಟು. ನಿರ್ಣಯ ಮಾಡಬೇಕಾದ ಕರಣವೇ ಹೀಗೆ ಹೆಪ್ಪುಗಟ್ಟಿರುವಾಗ, ಆ ನಿರ್ಣಯವನ್ನು ಹಿಡಿದು ಮನುಷ್ಯನ ಗುಣವನ್ನು ಅಳೆಯುವುದು ಹೇಗೆ? ಬೆಚ್ಚಗಿನ ಕೊಠಡಿಯಲ್ಲಿ ಕಾಫಿಯ ಲೋಟ ಹಿಡಿದು ಕುಳಿತವನ ವಿವೇಕವನ್ನು ಹಿಮದಲ್ಲಿದ್ದವರಿಂದ ನಿರೀಕ್ಷಿಸುವುದು ಅನ್ಯಾಯ.

ಇದರಿಂದಲೇ ಮತ್ತೊಂದು ಮಾತು ಹೊರಡುವುದು. ಶೀತದಲ್ಲಿ ವಿವೇಕವು ಕೈಕೊಡುವುದಾದರೆ, ವಿವೇಕದ ಕೆಲಸವನ್ನೆಲ್ಲ ಕೆಳಗೆ ಬೆಚ್ಚಗಿರುವಾಗಲೇ ಮುಗಿಸಿರಬೇಕು. ಇಂತಹ ಗಂಟೆಗೆ, ಗುರಿ ಎಷ್ಟೇ ಹತ್ತಿರವಿರಲಿ, ಹಿಂದಿರುಗತಕ್ಕದ್ದೆಂದು ಪರ್ವತಾರೋಹಿಗಳು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳುವ ನಿಯಮದ ತಾತ್ಪರ್ಯ ಇಷ್ಟೆ. ಹಗ್ಗದಿಂದ ಇಳಿಯುವವನು ಹಗ್ಗದ ತುದಿಗೆ ಗಂಟು ಹಾಕುವುದೂ ಅದೇ ಬಗೆಯದು: ತುದಿ ಬಂದುದನ್ನು ದಣಿದ ಕಣ್ಣು ಕಾಣದಿದ್ದರೆ ಗಂಟು ತಡೆಯುವುದು. ಜತೆಗಾರನು ಕಟ್ಟಿದ ಗಂಟನ್ನು ಮತ್ತೊಬ್ಬನು ಮುಟ್ಟಿ ನೋಡುವುದನ್ನು ಅಪನಂಬಿಕೆಯೆಂದು ಯಾರೂ ತಿಳಿಯುವುದಿಲ್ಲ. ಇಪ್ಪತ್ತು ವರ್ಷ ಹತ್ತಿದವನ ಗಂಟನ್ನೂ ನಿನ್ನೆ ಸೇರಿದ ಹುಡುಗನು ಮುಟ್ಟಿ ನೋಡುವನು. ಇಂತಹ ನಿಯಮಗಳ ಹಿಂದೆ ಎಲ್ಲಿಯೋ ಯಾರೋ ಮಡಿದ ವೃತ್ತಾಂತವಿರುವುದು. ಯಾರೋ ಅದನ್ನು ಮುಚ್ಚಿಡದೆ ಹೇಳಿದುದರಿಂದ ಅದು ನಿಯಮವಾಯಿತು.

ಧರ್ಮರಾಜನ ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನೂ ಇಲ್ಲಿ ಮರೆಯಬಾರದು. ಬಿದ್ದವರನ್ನು ಹಿಂದಿರುಗಿ ನೋಡದೆ ನಡೆದವನು, ಕಡೆಗೆ ಹಿಂಬಾಲಿಸಿ ಬಂದ ನಾಯಿಯೊಂದನ್ನು ಬಿಟ್ಟು ಸ್ವರ್ಗದ ರಥವನ್ನೇರಲು ಒಪ್ಪಲಿಲ್ಲ. ಮುಂದೆ ನರಕದ ಕತ್ತಲಲ್ಲಿ ತಮ್ಮಂದಿರ ಮತ್ತು ದ್ರೌಪದಿಯ ದನಿಯನ್ನು ಕೇಳಿದಾಗ ಅವರ ದೋಷಗಳ ಪಟ್ಟಿಯನ್ನು ತೆಗೆಯದೆ, ತಾನೂ ಅಲ್ಲಿಯೇ ಇರುವೆನೆಂದು ನಿಂತುಬಿಟ್ಟನು. ವ್ಯಾಸರು ಮೊದಲ ಧರ್ಮರಾಜನನ್ನು ಎರಡನೆಯವನಿಂದ ತಿದ್ದಿದರೆಂದು ಓದಿದರೆ ತಪ್ಪೇನು?

ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಈಗಲೂ ಮಗನೋ ಸೊಸೆಯೋ ನಿವೃತ್ತರಾದ ತಾಯಿಯೋ ಹಿಮಾಲಯಕ್ಕೆ ಹೊರಡುವೆನೆಂದು ಹೇಳುವ ಸಂಜೆಗಳುಂಟು. ಏಕೆ ಹೋಗಬೇಕೆಂದು ಕೇಳುವ ಹಿರಿಯರು ಅದನ್ನು ಬಿಟ್ಟು ಬೇರೆ ಕೆಲವನ್ನು ಕೇಳಬಹುದು. ಎತ್ತರದ ಗಾಳಿಗೆ ಮೈ ಒಗ್ಗಲು ಎಷ್ಟು ದಿನ ಬಿಟ್ಟಿರುವರು? ಹಿಂದಿರುಗುವ ಗಂಟೆಯನ್ನು ಗೊತ್ತುಮಾಡಿದೆಯೇ, ಅದನ್ನು ಮೀರಿದರೆ ಸಾಕೆನ್ನುವ ಅಧಿಕಾರ ಯಾರದು? ತಂಡದಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ಜತೆಯಲ್ಲಿ ಯಾರು ಇರುವರು? ಫೋನು ಸಾಗದ ಸ್ಥಳದಲ್ಲಿ ಕೆಳಗೆ ಸುದ್ದಿ ಮುಟ್ಟಿಸುವ ಬಗೆ ಯಾವುದು? ಯಾತ್ರೆಯನ್ನು ಏರ್ಪಡಿಸುವವರು ಇವಕ್ಕೆ ಬರೆದು ಉತ್ತರ ಕೊಡಲು ಹಿಂಜರಿದರೆ, ಆ ವರ್ಷ ಹಣವನ್ನು ಕಟ್ಟದೆ ಇರಬಹುದು.