ಸುರಪುರದ ಜಾತಕ: ಮೆಡೋಸ್ ಟೇಲರ್ ಮತ್ತು ವಿಧಿಯ ಪ್ರಶ್ನೆ

ಫಿಲಿಪ್ ಮೆಡೋಸ್ ಟೇಲರ್ (1808–1876) ಸುರಪುರ ಸಂಸ್ಥಾನದಲ್ಲಿ ಹನ್ನೆರಡು ವರ್ಷ ಪೊಲಿಟಿಕಲ್ ಏಜೆಂಟನಾಗಿದ್ದ ಇಂಗ್ಲಿಷ್ ಅಧಿಕಾರಿ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಿಂದ ಹೊರಟು ತಿಂಥಣಿಯ ಬಳಿ ಕೃಷ್ಣೆ ದಾಟಿದರೆ ಆ ಸಂಸ್ಥಾನದ ಹಳೆಯ ಸೀಮೆ. ಟೇಲರನ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಆಡಳಿತಗಾರನಾಗಿ, ಕಾದಂಬರಿಕಾರನಾಗಿ ಉಳಿದಿದೆ. ಆದರೆ ಆತ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ ಒಂದು ಜಾತಕದ ಪ್ರಸಂಗ, ಹಣೆಬರಹ ಮತ್ತು ಪುರುಷಪ್ರಯತ್ನಗಳ ಹಳೆಯ ಜಗಳಕ್ಕೆ ಈ ನಾಡಿನ ಮಣ್ಣಿನಲ್ಲೇ ಸಿಕ್ಕ ಸಾಕ್ಷಿಯಂತಿದೆ. ಸಾಕ್ಷಿ ಯಾವ ಪಕ್ಷದ್ದು ಎಂಬುದೇ ವಿಚಾರ ಮಾಡಬೇಕಾದ ಸಂಗತಿ.

ಟೇಲರ್ ಹುಟ್ಟಿದ್ದು ಲಿವರ್‌ಪೂಲಿನಲ್ಲಿ, 1808ರ ಸೆಪ್ಟೆಂಬರ್ 25ರಂದು. ಹದಿನೈದರ ಹುಡುಗನಾಗಿ 1824ರಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದ. ಮುಂದೆ ಪಾಲುದಾರಿಕೆ ಕೊಡುವುದಾಗಿ ಕರೆಸಿಕೊಂಡಿದ್ದ ವ್ಯಾಪಾರಿಯ ಕೋಠಿ ಅಷ್ಟರಲ್ಲಿ ಮುಳುಗುವ ಸ್ಥಿತಿಯಲ್ಲಿತ್ತು. ತಾಯಿಯ ಕಡೆಯ ಬಂಧುವೊಬ್ಬರ ಶಿಫಾರಸಿನಿಂದ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಆತ ಈಸ್ಟ್ ಇಂಡಿಯಾ ಕಂಪನಿಯ ಕಾಯಂ ನೌಕರನಲ್ಲ, ನಿಜಾಮನ ಸಂಬಳದವನು. ಈ ಸಣ್ಣ ವ್ಯತ್ಯಾಸದಿಂದಾಗಿ ಬಡ್ತಿಯ ವಿಷಯದಲ್ಲಿ ಆತ ಬಹುಕಾಲ ಹಿಂದೆಯೇ ಉಳಿದ. ಅದೇ ಕಾರಣದಿಂದ ದಖ್ಖನಿನ ಜನರ ನಡುವೆ ಹೆಚ್ಚು ಕಾಲ ಬದುಕುವಂತೆಯೂ ಆಯಿತು. ದೇಶಭಾಷೆಗಳನ್ನು ಕಲಿತ, ಠಕ್ಕರ ಕುರಿತ ಕಾದಂಬರಿಯನ್ನು 1839ರಲ್ಲಿ ಪ್ರಕಟಿಸಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ.

ಸುರಪುರಕ್ಕೆ ಬಂದದ್ದು 1841ರಲ್ಲಿ. ಬೇಡ ನಾಯಕರ ಈ ಸಂಸ್ಥಾನ ನಿಜಾಮನಿಗೆ ಕೊಡಬೇಕಾದ ಕಪ್ಪ, ನಜರಾಣಗಳ ಬಾಕಿಯಲ್ಲಿ ಕುತ್ತಿಗೆಯವರೆಗೆ ಮುಳುಗಿತ್ತು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ಗಾದಿಗೆ ಉಳಿದವನು ಬಾಲಕ ವೆಂಕಟಪ್ಪ ನಾಯಕ. ಹುಡುಗನ ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಕೃಷ್ಣಪ್ಪನ ತಮ್ಮ ಪಿಡ್ಡ ನಾಯಕ ಇನ್ನೊಂದು ಕಡೆ. ಇವರ ನಡುವೆ ನಿಂತು ಟೇಲರ್ ಲೆಕ್ಕಪತ್ರ ಸರಿಪಡಿಸಿದ, ಬೋನಾಳದ ಕೆರೆಯನ್ನು ಹಿಗ್ಗಿಸಿ ಕಟ್ಟಿಸಿದ, ಗುಡ್ಡದ ಮೇಲೆ ತನಗೊಂದು ಬಂಗಲೆ ಎಬ್ಬಿಸಿದ. ಅದು ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಬಿಡುವಿನಲ್ಲಿ ರಾಜನಕೋಳೂರು, ವಿಭೂತಿಹಳ್ಳಿ, ಜೇವರ್ಗಿ ಕಡೆಯ ಬೃಹತ್ ಶಿಲಾಯುಗದ ಕಲ್ಗೋರಿಗಳನ್ನು ಅಳೆದು ಬರೆದ. ಜನರ ಬಾಯಲ್ಲಿ ಮೆಡೋಸ್ ಎಂಬ ಹೆಸರು ‘ಮಹಾದೇವ ಬಾಬಾ’ ಆಯಿತು. ಎಳೆಯ ರಾಜ ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ.

ಜಾತಕದ ಪ್ರಸಂಗ ನಡೆದದ್ದು ಈ ಕಾಲದಲ್ಲಿ. ಒಂದು ರಾತ್ರಿ ರಾಣಿ ಈಶ್ವರಮ್ಮನಿಗೆ ಕಾಯಿಲೆ ಉಲ್ಬಣಿಸಿ, ಇನ್ನು ಉಳಿಯುವುದಿಲ್ಲವೆಂದು ಟೇಲರನಿಗೆ ಕರೆ ಹೋಯಿತು. ಮಗನ ಜಾತಕ ಬರೆದ ಕಾಗದ ಅಲ್ಲಿತ್ತು. ಅದರ ಫಲ ರಾಣಿಗೂ ನಂಬಿಕೆಯ ಬ್ರಾಹ್ಮಣರಿಗೂ ಮಾತ್ರ ಗೊತ್ತಿತ್ತು: ಹುಡುಗ ತನ್ನ 24ನೆಯ ವರ್ಷ ದಾಟುವುದಿಲ್ಲ, ಸುರಪುರಕ್ಕೆ ಅವನೇ ಕೊನೆಯ ರಾಜ. ಸಾಯುವ ಮುನ್ನ ಈ ಭಾರವನ್ನು ಪರದೇಶದವನೊಬ್ಬನಿಗೆ ಹೇಳಿ ಹಗುರಾಗಬೇಕೆಂದು ಆ ತಾಯಿಗೆ ಅನ್ನಿಸಿತು. ಆ ರಾತ್ರಿ ರಾಣಿ ಸಾಯಲಿಲ್ಲ. ಗುಟ್ಟು ಮಾತ್ರ ಟೇಲರನ ಬಳಿ ಉಳಿಯಿತು.

ರಾಜ ಪ್ರಾಪ್ತವಯಸ್ಕನಾದ ಮೇಲೆ, 1853ರಲ್ಲಿ, ಅಧಿಕಾರ ಅವನ ಕೈಗೆ ಬಂತು; ಟೇಲರನಿಗೆ ನಳದುರ್ಗ ಕಡೆಯ ಜಿಲ್ಲೆ ವಹಿಸಿದರು. ಮುಂದಿನ ನಾಲ್ಕು ವರ್ಷಗಳಲ್ಲಿ ಖಜಾನೆ ಬರಿದಾಗಿ ಸಾಲ ಬೆಳೆಯಿತು. 1857ರ ಬಂಡಾಯದ ಗಾಳಿ ಬೀಸಿದಾಗ ವೆಂಕಟಪ್ಪ ನಾಯಕ ಅರಬರನ್ನೂ ರೋಹಿಲರನ್ನೂ ಸೇರಿಸತೊಡಗಿದ. ಕ್ಯಾಪ್ಟನ್ ರೋಸ್ ಕ್ಯಾಂಬೆಲ್ ಎಂಬ ಅಧಿಕಾರಿಯನ್ನು ಕಳಿಸಿ ತಡೆಯಲು ನೋಡಿದರೂ ಫಲವಾಗಲಿಲ್ಲ. 1858ರ ಫೆಬ್ರವರಿಯಲ್ಲಿ ಸುರಪುರದ ಹೊರಗೆ ಕಾಳಗವಾಗಿ ಬ್ರಿಟಿಷ್ ಪಕ್ಷದ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ಹೈದರಾಬಾದಿಗೆ ಓಡಿಹೋಗಿ ಅಲ್ಲಿ ಸೆರೆ ಸಿಕ್ಕ.

ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡ. ಕುಮ್ಮಕ್ಕು ಕೊಟ್ಟವರ ಹೆಸರು ಹೇಳಿದರೆ ಶಿಕ್ಷೆ ಹಗುರಾಗಬಹುದಿತ್ತು; ರಾಜ ಒಪ್ಪಲಿಲ್ಲ. ಕೊಲ್ಲುವುದಾದರೆ ಕಳ್ಳನಂತೆ ನೇಣು ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂಬುದಷ್ಟೇ ಅವನ ಕೋರಿಕೆ. ಸೈನಿಕ ನ್ಯಾಯಾಲಯ ಮರಣದಂಡನೆ ವಿಧಿಸಿತು. ಹೈದರಾಬಾದಿನ ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ, ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದ. ನಡತೆ ನೋಡಿ ಸಂಸ್ಥಾನವನ್ನು ಮರಳಿ ಕೊಡುವ ಆಸೆಯೂ ಉಳಿಯಿತು. ಗುಟ್ಟು ಬಲ್ಲ ಬ್ರಾಹ್ಮಣನಿಗೆ ಟೇಲರ್ ಹೇಳಿದ್ದು, ಜಾತಕ ಸುಳ್ಳಾಯಿತಲ್ಲ ಎಂದು. ಆ ವರ್ಷ ಇನ್ನೂ ಮುಗಿದಿಲ್ಲ ಎಂಬ ಉತ್ತರ ಬಂತು. ಸ್ವಲ್ಪ ಕಾಲದಲ್ಲೇ ಸುದ್ದಿ ತಲುಪಿತು: ಚೆಂಗಲ್ಪಟ್ಟಿನ ದಾರಿಯ ಬಿಡಾರದಲ್ಲಿ, ಕಾವಲು ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ರಾಜ ಸತ್ತಿದ್ದ. ಕೈತಪ್ಪಿ ಹಾರಿದ್ದೋ, ಬೇಕೆಂದೇ ಹಾರಿಸಿಕೊಂಡದ್ದೋ, ತೀರ್ಮಾನವಾಗಲಿಲ್ಲ.

ಈ ಕಥೆಯನ್ನು ಹಾಗೇ ನುಂಗುವ ಮೊದಲು ಒಂದು ಮಾತು. ಇದಕ್ಕಿರುವ ಮುಖ್ಯ ಆಧಾರ ಟೇಲರನ ಆತ್ಮಕಥೆ. ಅದು ಪ್ರಕಟವಾದದ್ದು 1877ರಲ್ಲಿ, ಆತ ತೀರಿಕೊಂಡ ಮರುವರ್ಷ. ಬರೆದವನು ಪಳಗಿದ ಕಾದಂಬರಿಕಾರ. ಕಥೆಯ ಕಟ್ಟು ಹೇಗಿದ್ದರೆ ಓದುಗನ ಮೈ ಜುಮ್ಮೆನ್ನುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಸುಳ್ಳು ಬರೆದ ಎನ್ನಲು ಕಾರಣವಿಲ್ಲ, ಆದರೆ ನೆನಪು ಹೊಂದಿಕೆಯಾಗುವುದನ್ನೇ ಹಿಡಿದಿಡುತ್ತದೆ. ಫಲಿಸಿದ ಜಾತಕ ಪುಸ್ತಕ ಸೇರುತ್ತದೆ. ಫಲಿಸದ ಸಾವಿರ ಜಾತಕಗಳನ್ನು ಯಾರೂ ಬರೆದಿಡುವುದಿಲ್ಲ.

ಕಥೆ ನಿಜವೆಂದೇ ಒಪ್ಪಿದರೂ ಪ್ರಶ್ನೆ ಬಗೆಹರಿಯುವುದಿಲ್ಲ. ಮಗು ಹುಟ್ಟಿದ ಐದನೆಯ ದಿನ ಸಟವಿ ಎಂಬ ದೇವತೆ ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆಂಬ ನಂಬಿಕೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯದು. ಶಾಸ್ತ್ರಗಳು ಇದನ್ನೇ ಕರ್ಮದ ಭಾಷೆಯಲ್ಲಿ ಹೇಳುತ್ತವೆ: ಕೂಡಿಟ್ಟದ್ದು ಸಂಚಿತ, ಫಲ ಕೊಡತೊಡಗಿದ್ದು ಪ್ರಾರಬ್ಧ, ಈಗ ಮಾಡುತ್ತಿರುವುದರಿಂದ ಬರಲಿರುವುದು ಆಗಾಮಿ. ಜಾತಕ ಹೇಳುವುದೇನಿದ್ದರೂ ಪ್ರಾರಬ್ಧದ ಮಾತು. ಯೋಗವಾಸಿಷ್ಠ ಇನ್ನೂ ಖಡಾಖಂಡಿತ. ದೈವವೆಂದರೆ ಹಿಂದಿನ ಪ್ರಯತ್ನವೇ. ಅದೂ ಇಂದಿನ ಪ್ರಯತ್ನವೂ ಎರಡು ಟಗರುಗಳಂತೆ ಗುದ್ದಾಡುತ್ತವೆ, ಬಲವುಳ್ಳದ್ದು ಗೆಲ್ಲುತ್ತದೆ. ಬಸವಣ್ಣನವರಂತೂ ಲಗ್ನ, ಮುಹೂರ್ತಗಳ ಭಯವನ್ನೇ ತಳ್ಳಿಹಾಕಿದರು.

ರಾಯಚೂರು ಸೀಮೆಯಲ್ಲಿ ಸುರಪುರದ ಕಥೆಗೆ ಎದುರಾಗಿ ನಿಲ್ಲುವ ಇನ್ನೊಂದು ಕಥೆಯಿದೆ. ಮಾನವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಪಾಂಡಿತ್ಯದ ಬಿಂಕದಲ್ಲಿ ಚೀಕಲಪರ್ವಿಯ ಹರಿದಾಸರಾದ ವಿಜಯದಾಸರನ್ನು ಕಡೆಗಣಿಸಿ, ಉದರಶೂಲೆಯಿಂದ ನರಳಿ, ಅಲ್ಪಾಯುಷಿ ಎನ್ನಿಸಿಕೊಂಡರು. ವಿಜಯದಾಸರು ಅವರನ್ನು ಗೋಪಾಲದಾಸರ ಬಳಿಗೆ ಕಳಿಸಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಭವಿಷ್ಯ ಹೇಳುವುದರಲ್ಲೂ ಹೆಸರಾದವರು. ಅವರು ಭವಿಷ್ಯ ಹೇಳಿ ಕೈತೊಳೆದುಕೊಳ್ಳಲಿಲ್ಲ. ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದರು ಎಂಬುದು ಸಂಪ್ರದಾಯದ ಮಾತು. ಆ ಶ್ರೀನಿವಾಸಾಚಾರ್ಯರೇ ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು (1728–1809). ಮಾನವಿಯ ಅವರ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ಇಂದಿಗೂ ಪೂಜಿಸುತ್ತಾರೆ. ಆಯುಷ್ಯ ದಾನ ಮಾಡುವಂಥದ್ದೇ ಎಂದು ತರ್ಕ ಕೇಳಬಹುದು. ದಾಸರ ಸಿದ್ಧಾಂತದಲ್ಲಿ ಉತ್ತರ ಸರಳ: ಸ್ವತಂತ್ರನು ಹರಿಯೊಬ್ಬನೇ, ಕರ್ಮವೂ ಅವನ ಅಧೀನ. ಜೀವಾತ್ಮನ ಕರ್ತೃತ್ವ ಪರಾಧೀನವಾದರೂ ಸುಳ್ಳಲ್ಲ. ಹಾಗಾಗಿ ಬರೆದದ್ದನ್ನು ತಿದ್ದಲು ಬೇಡಿಕೊಳ್ಳುವುದಕ್ಕೆ ಅರ್ಥವಿದೆ.

ಭವಿಷ್ಯವಾಣಿಗೆ ಇನ್ನೊಂದು ಗುಣವುಂಟು: ನಂಬಿದವರ ಮೂಲಕ ಅದೇ ಕಾರಣವಾಗುತ್ತದೆ. 1757ರ ಪ್ಲಾಸಿ ಕಾಳಗದಿಂದ ನೂರು ವರ್ಷಕ್ಕೆ ಕಂಪನಿಯ ಆಳ್ವಿಕೆ ಮುಗಿಯುತ್ತದೆ ಎಂಬ ಮಾತು ಬಂಡಾಯದ ಕಾಲದಲ್ಲಿ ಊರೂರು ಸುತ್ತಿ, ಬಂಡೆದ್ದವರಿಗೆ ಧೈರ್ಯ ಕೊಟ್ಟಿತು. ಟೇಲರನನ್ನೂ ಅದು ಬಿಡಲಿಲ್ಲ; 1657, 1757, 1857ರ ಸುತ್ತ ಹೆಣೆದ ಅವನ ಮೂರು ಕಾದಂಬರಿಗಳು, ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’, ಆ ನೂರರ ಲೆಕ್ಕದಲ್ಲೇ ನಿಂತಿವೆ. ಸುರಪುರದ ಜಾತಕಕ್ಕೆ ಇಂಥ ದಾರಿ ಇರಲಿಲ್ಲ. ಅದು ಕೆಲವರ ಎದೆಯಲ್ಲೇ ಉಳಿದ ಗುಟ್ಟು. ಹೊರಗೆ ಕೆಲಸ ಮಾಡಿದವು ಬೇರೆ ಸಂಗತಿಗಳು: ತೀರದ ನಜರಾಣದ ಹೊರೆ, ಹರೆಯದ ರಾಜನ ಕೈಯಲ್ಲಿ ಬರಿದಾದ ಖಜಾನೆ, ಸುತ್ತ ಸೇರಿದ ಸಲಹೆಗಾರರು, ಕೊನೆಗೆ ಒಬ್ಬ ಅಧಿಕಾರಿ ಎಚ್ಚರವಿಲ್ಲದೆ ಕೈಗೆಟುಕುವಲ್ಲಿ ಬಿಟ್ಟ ಆಯುಧ. ಇವೆಲ್ಲ ಮನುಷ್ಯರು ಮಾಡಿದವು, ಬೇರೆ ರೀತಿಯಲ್ಲಿ ಮಾಡಬಹುದಾಗಿದ್ದವು. ಮರಣದಂಡನೆ ಎರಡು ಸಲ ಇಳಿದದ್ದೇ ಅದಕ್ಕೆ ಪುರಾವೆ. ಹೆಸರು ಹೇಳಲಾರೆ ಎಂದ ರಾಜನ ನಿಲುವನ್ನು ಯಾವ ಗ್ರಹವೂ ನಿರ್ಧರಿಸಲಿಲ್ಲ.

ಜಾತಕ ಗೊತ್ತಿದ್ದೂ ಟೇಲರ್ ಆ ಹುಡುಗನಿಗೆ ಕಲಿಸುವುದನ್ನು ನಿಲ್ಲಿಸಲಿಲ್ಲ ಎಂಬುದು ಅವನಿಗೆ ಸಲ್ಲಬೇಕಾದ ಮೆಚ್ಚುಗೆ. ಆದರೆ ಸಾವು ವಿಧಿಬರಹವಾಗಿತ್ತು ಎಂಬ ಧಾಟಿಯಲ್ಲಿ ಕಥೆ ಮುಗಿದಾಗ, ಕಂಪನಿ ಮತ್ತು ನಿಜಾಮ ಇಬ್ಬರ ಹೊಣೆಯೂ ಜ್ಯೋತಿಷಿಯ ತಲೆಗೆ ಹೋಗುತ್ತದೆ. ಅದು ಒಪ್ಪತಕ್ಕದ್ದಲ್ಲ. 1860ರ ಒಪ್ಪಂದದಲ್ಲಿ ಸುರಪುರವನ್ನು ನಿಜಾಮನಿಗೆ ಬಿಟ್ಟುಕೊಡಲಾಯಿತು. ಅದಕ್ಕೆ ಸಹಿ ಹಾಕಿದವರು ಮನುಷ್ಯರೇ. ಆ ವರ್ಷವೇ ಊರಿಗೆ ಹೊರಟ ಟೇಲರ್ 1876ರ ಮೇ 13ರಂದು ಫ್ರಾನ್ಸಿನ ಮಾಂತೋನಿನಲ್ಲಿ ತೀರಿಕೊಂಡ.