ಸೇವೆಯ ಲೆಕ್ಕ ಯಾರ ಪುಸ್ತಕದಲ್ಲಿ?

ಪುಣೆಯ ಕನ್ನಡ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಸಡಗರ ಕಾಣಿಸುತ್ತಿದೆ. ಹಿಂದೆ ಮಕ್ಕಳು ರಜೆ ಬಂತೆಂದರೆ ಕ್ರಿಕೆಟ್ ತಂಡ ಕಟ್ಟುತ್ತಿದ್ದರು. ಈಗ ರೋಬೋಟ್ ತಂಡ ಕಟ್ಟುತ್ತಾರೆ. ಊಟದ ಮೇಜಿನ ಮೇಲೆ ಸ್ಕ್ರೂ, ಗಾಲಿ, ಮೋಟಾರು, ತಂತಿಗಳು ಹರಡಿಕೊಂಡಿರುತ್ತವೆ. ತಾಯಂದಿರು ಗೊಣಗುತ್ತಲೇ ಅವನ್ನು ಬದಿಗೆ ಸರಿಸಿ ತಟ್ಟೆ ಇಡುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಈ ಮಕ್ಕಳ ಕೈಯಲ್ಲಿ ಯಂತ್ರದ ಜೊತೆಗೆ ಒಂದು ದಾಖಲೆ ಪುಸ್ತಕವೂ ಇರುತ್ತದೆ. ಎಷ್ಟು ಶಾಲೆಗಳಿಗೆ ಹೋದೆವು, ಎಷ್ಟು ಮಕ್ಕಳಿಗೆ ರೋಬೋಟ್ ತೋರಿಸಿದೆವು, ಎಷ್ಟು ಗಂಟೆ ಸಮಾಜಸೇವೆ ಮಾಡಿದೆವು ಎಂಬುದೆಲ್ಲ ಅದರಲ್ಲಿ ಛಾಯಾಚಿತ್ರಗಳ ಸಮೇತ ಸೇರುತ್ತದೆ. ಅದನ್ನು ಕಂಡ ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: ಬಹುಮಾನಕ್ಕಾಗಿ ಮಾಡಿದ ಸೇವೆ ಸೇವೆಯಾದೀತೇ? ಪ್ರಶ್ನೆ ಸಣ್ಣದಲ್ಲ, ಸ್ವಲ್ಪ ಸಾವಧಾನವಾಗಿ ವಿಚಾರ ಮಾಡೋಣ.

ಮೊದಲು ಈ ಪದ್ಧತಿಯ ಮೂಲವನ್ನು ತಿಳಿಯುವುದು ಒಳ್ಳೆಯದು. ಅಮೆರಿಕದ ಸಂಶೋಧಕ ಡೀನ್ ಕೇಮನ್ 1989ರಲ್ಲಿ ‘ಫಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಮೊದಲ ರೋಬೋಟ್ ಸ್ಪರ್ಧೆ 1992ರಲ್ಲಿ ಒಂದು ಶಾಲೆಯ ವ್ಯಾಯಾಮಶಾಲೆಯಲ್ಲಿ 28 ತಂಡಗಳೊಡನೆ ನಡೆಯಿತು. ಗೆಲ್ಲಲು ಶಕ್ತಿಮೀರಿ ಹೆಣಗಬೇಕು, ಆದರೆ ಎದುರು ತಂಡದ ಯಂತ್ರ ಕೆಟ್ಟರೆ ನಮ್ಮ ಉಪಕರಣ ಕೊಟ್ಟು ನಿಲ್ಲಿಸಬೇಕು ಎಂಬ ಭಾವನೆಯನ್ನು ಅದರಲ್ಲಿ ಬೇರೂರಿಸಿದವರು ಎಂ.ಐ.ಟಿ.ಯ ಪ್ರಾಧ್ಯಾಪಕ ವುಡಿ ಫ್ಲವರ್ಸ್. ಈ ಸ್ಪರ್ಧೆಯ ಅತ್ಯುಚ್ಚ ಗೌರವ ಸಲ್ಲುವುದು ಕಣದಲ್ಲಿ ಗೆದ್ದ ಯಂತ್ರಕ್ಕಲ್ಲ, ಸುತ್ತಲಿನ ಸಮಾಜದಲ್ಲಿ ವಿಜ್ಞಾನದ ಅಭಿರುಚಿಯನ್ನು ಹಬ್ಬಿಸಿದ ತಂಡಕ್ಕೆ. ಮೊದಲು ಅದಕ್ಕೆ ‘ಚೇರ್ಮನ್ಸ್ ಪ್ರಶಸ್ತಿ’ ಎಂಬ ಹೆಸರಿತ್ತು. 2023ರ ಸ್ಪರ್ಧೆಯಿಂದ ‘ಇಂಪ್ಯಾಕ್ಟ್ ಪ್ರಶಸ್ತಿ’ ಎನ್ನುತ್ತಾರೆ. 12ರಿಂದ 18 ವಯಸ್ಸಿನವರಿಗಾಗಿ ಇರುವ ಅದೇ ಸಂಸ್ಥೆಯ ಇನ್ನೊಂದು ಸ್ಪರ್ಧೆಯಲ್ಲಿ ನಮ್ಮ ದೇಶದ ತಂಡಗಳೂ ಭಾಗವಹಿಸುತ್ತವೆ. ಅಲ್ಲಿಯೂ ತೀರ್ಪುಗಾರರು ಯಂತ್ರದ ಜೊತೆಗೆ ಸಮಾಜಕಾರ್ಯವನ್ನು ತೂಗಿ ನೋಡುತ್ತಾರೆ.

ಪುಣೆಗಂತೂ ರೋಬೋಟ್ ಹೊಸ ನೆಂಟನಲ್ಲ. ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟದವರು ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆಸುವ ‘ರೋಬೋಕಾನ್’ ಸ್ಪರ್ಧೆ ಇಲ್ಲಿ 2008ರಲ್ಲಿಯೂ 2014ರಲ್ಲಿಯೂ ನಡೆಯಿತು. ಮೊದಲ ಸಲ ಯಂತ್ರಗಳು ಗೋವಿಂದನಂತೆ ಬೆಣ್ಣೆಯ ಗಡಿಗೆಗೆ ಕೈಹಾಕಿದವು. ಎರಡನೆಯ ಸಲ ಹೆತ್ತವರ ಸ್ಥಾನದ ಯಂತ್ರ ಮರಿ ಯಂತ್ರವನ್ನು ಎತ್ತಿಕೊಂಡು ಉಯ್ಯಾಲೆಯಾಡಿಸಿತು. ಹೀಗೆ ಕಾಲೇಜಿನಲ್ಲಿದ್ದ ವಿದ್ಯೆ ಈಗ ಹೈಸ್ಕೂಲಿಗೆ ಇಳಿದಿದೆ, ಜೊತೆಗೆ ಸೇವೆಯ ಲೆಕ್ಕವನ್ನೂ ಕರೆತಂದಿದೆ.

ಹಿರಿಯರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಫಲವನ್ನು ಬಯಸದೆ ಕರ್ಮ ಮಾಡಬೇಕೆಂದು ಕೇಳುತ್ತ ಬೆಳೆದವರು ನಾವು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ಇಲ್ಲಿಯೋ, ಬಲಗೈ ಕೊಡುವುದನ್ನು ಎಡಗೈ ಫೋಟೋ ತೆಗೆಯುತ್ತಿರುತ್ತದೆ!

ಆದರೂ ಉದ್ದೇಶ ಶುದ್ಧವಲ್ಲವೆಂಬ ಒಂದೇ ಕಾರಣಕ್ಕೆ ಕೆಲಸವನ್ನೇ ಅಲ್ಲಗಳೆಯುವುದು ನ್ಯಾಯವಲ್ಲ. ಗಾಂಧೀ ಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿಯೂ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆಗಳ ಲೆಕ್ಕವಿದೆ, ಕೊನೆಗೆ ಪ್ರಮಾಣಪತ್ರವೂ ಇದೆ. ಪ್ರಮಾಣಪತ್ರದ ಆಸೆಗೆ ಹಳ್ಳಿಯ ಶಿಬಿರಕ್ಕೆ ಹೋದ ಹುಡುಗನಿಗೆ ಅಲ್ಲಿಯೇ ಹಳ್ಳಿಯ ಕಷ್ಟ ಮನವರಿಕೆಯಾಗಿ, ಮುಂದೆ ಅದೇ ಅವನ ಬಾಳಿನ ದಿಕ್ಕಾಗುವುದೂ ಉಂಟು. ಚಿಕ್ಕ ಮಗುವಿಗೆ ತಾಯಿ ತಲೆ ಬಗ್ಗಿಸಿ ನಮಸ್ಕಾರ ಮಾಡಿಸುತ್ತಾಳೆ. ಆಗ ಮಗುವಿನಲ್ಲಿ ಭಕ್ತಿ ಎಲ್ಲಿದೆ? ಮೊದಲು ಬೆನ್ನು ಬಾಗುತ್ತದೆ, ಮನಸ್ಸು ಬಾಗುವುದು ಆಮೇಲೆ. ಒಳ್ಳೆಯ ಅಭ್ಯಾಸಗಳು ಬಹುಮಟ್ಟಿಗೆ ಹೀಗೆಯೇ ಬರುತ್ತವೆ. ಹದಿನಾಲ್ಕು ವರ್ಷದ ಹುಡುಗ ನಿಷ್ಕಾಮಿಯಾಗಿಯೇ ಹೊರಡಬೇಕೆಂದು ಪಟ್ಟುಹಿಡಿದರೆ ಅವನು ಹೊರಡುವುದೇ ಇಲ್ಲ.

ಹಾಗಾದರೆ ಈ ಲೆಕ್ಕದ ಪುಸ್ತಕವನ್ನು ನಾವು ಕಣ್ಣುಮುಚ್ಚಿ ಒಪ್ಪಬಹುದೇ? ಕೇಂದ್ರ ಸರಕಾರದ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುವ ನಮ್ಮಂಥವರಿಗೆ ಇಲ್ಲಿ ಒಂದು ಸಂಶಯ ಬರುತ್ತದೆ. ತಿಂಗಳ ಕೊನೆಗೆ ಕಳಿಸುವ ತಃಖ್ತೆಯ ಗುಣ ನಮಗೆ ಗೊತ್ತು. ಇಷ್ಟು ಅರ್ಜಿ ಬಂದವು, ಇಷ್ಟು ವಿಲೇವಾರಿಯಾದವು ಎಂದು ಅಂಕಣ ತುಂಬುತ್ತದೆ. ಅರ್ಜಿ ಕೊಟ್ಟವನ ಕೆಲಸ ಆಯಿತೋ ಇಲ್ಲವೋ ಎಂಬುದಕ್ಕೆ ಮಾತ್ರ ಅದರಲ್ಲಿ ಅಂಕಣವಿರುವುದಿಲ್ಲ. ಒಂದು ಮಧ್ಯಾಹ್ನ 500 ಮಕ್ಕಳ ಮುಂದೆ ರೋಬೋಟ್ ಓಡಿಸಿದರೆ 500 ಎಂದು ಬರೆಯಬಹುದು. ನಾಲ್ಕು ಭಾನುವಾರ ಕೂತು ಐದು ಮಕ್ಕಳಿಗೆ ಮೋಟಾರು ಜೋಡಿಸುವುದನ್ನು ಕಲಿಸಿದರೆ ಬರೆಯುವುದು 5. ಎರಡು ಅಂಕಿಗಳಲ್ಲಿ ಯಾವುದು ದೊಡ್ಡದೆಂದು ಕಾಗದ ಹೇಳುತ್ತದೆ, ಯಾವುದು ಭಾರವಾದದ್ದೆಂದು ಹೇಳುವುದಿಲ್ಲ.

‘ರೋಬೋಟ್’ ಎಂಬ ಮಾತೇ ಈ ಸಂದರ್ಭದಲ್ಲಿ ನಮಗೊಂದು ಬೆಳಕು ಕೊಡುತ್ತದೆ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಅದು ಲೋಕಕ್ಕೆ ಬಂತು. ಅದರ ಮೂಲವಾದ ‘ರೊಬೋಟಾ’ ಎಂಬ ಪದಕ್ಕೆ ಜಮೀನುದಾರನಿಗಾಗಿ ಒಕ್ಕಲು ಮಕ್ಕಳು ಕೂಲಿಯಿಲ್ಲದೆ ದುಡಿಯಬೇಕಾದ ದುಡಿತವೆಂದು ಅರ್ಥ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಬಿಟ್ಟಿ ಚಾಕರಿ.

ಈಗ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ತಂಡದವರು ಬರುತ್ತಾರೆಂದು ಅಂದಿನ ಪಾಠ ನಿಲ್ಲಿಸಿ ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ಕೂರಿಸುತ್ತಾರೆ. ಬಿಸಿಲಲ್ಲಿ ಒಂದು ಗಂಟೆ ಕಾಯುತ್ತಾರೆ. ಯಂತ್ರ ಓಡುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಯಾರೂ ಅದನ್ನು ಮುಟ್ಟುವಂತಿಲ್ಲ, ಬೆಲೆಬಾಳುವ ವಸ್ತು. ಆಮೇಲೆ ಬ್ಯಾನರಿನ ಹಿಂದೆ ನಿಂತು ಫೋಟೋ. ತಂಡ ಹೊರಟುಹೋಗುತ್ತದೆ, ಮತ್ತೆ ಬರುವುದಿಲ್ಲ. ಅಂದು ಯಾರು ಯಾರಿಗೆ ಸೇವೆ ಮಾಡಿದರು? ಬಿಸಿಲಲ್ಲಿ ಕೂತು, ಚಪ್ಪಾಳೆ ತಟ್ಟಿ, ಮುಖ ಕೊಟ್ಟು, ತಂಡದ ಪುಸ್ತಕದ ಒಂದು ಪುಟ ತುಂಬಿಸಿಕೊಟ್ಟವರು ಆ ಮಕ್ಕಳು. ಕೂಲಿಯಿಲ್ಲದ ದುಡಿತ ಅವರದು. ಉಂಡೂ ಹೋದ ಕೊಂಡೂ ಹೋದ ಎಂಬ ಗಾದೆ ಇಂಥ ಸೇವೆಗೆ ಸರಿಯಾಗಿ ಹೊಂದುತ್ತದೆ. ದೋಷ ಇರುವುದು ಬಹುಮಾನದ ಆಸೆಯಲ್ಲಲ್ಲ. ಪಡೆಯಬೇಕಾದವನಿಂದಲೇ ಪಡೆದುಕೊಂಡು ಬಂದು ಅದನ್ನು ಕೊಟ್ಟೆನೆಂದು ಬರೆದುಕೊಳ್ಳುವುದರಲ್ಲಿ.

ಆದ್ದರಿಂದ ಏಕೆ ಕೊಟ್ಟೆ ಎಂದು ಕೇಳುವುದಕ್ಕಿಂತ, ಅವನ ಕೈಯಲ್ಲಿ ಏನು ಉಳಿಯಿತು ಎಂದು ಕೇಳುವುದು ಸೂಕ್ತವೆಂದು ನಮಗೆ ತೋರುತ್ತದೆ. ಇದಕ್ಕೆ ಪುಣೆಯಲ್ಲಿಯೇ ಒಳ್ಳೆಯ ಮೇಲ್ಪಂಕ್ತಿಯಿದೆ. ಇಲ್ಲಿನ ಟೆಲ್ಕೋ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಅರವಿಂದ ಗುಪ್ತಾ ಅವರು 1970ರ ದಶಕದ ಕೊನೆಯಲ್ಲಿ ರಜೆ ಪಡೆದು ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮಕ್ಕೆ ಹೋದರು. ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜ್ಯಾಮಿತಿಯ ಆಕೃತಿಗಳನ್ನು ಕಟ್ಟುವುದನ್ನು ಮಕ್ಕಳಿಗೆ ಕಲಿಸಿದರು. ಮುಂದೆ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಐಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅನೇಕ ವರ್ಷ ಕಸದಿಂದ ಆಟಿಕೆ ಮಾಡುತ್ತ ಕುಳಿತರು. 2018ರಲ್ಲಿ ಅವರಿಗೆ ಪದ್ಮಶ್ರೀಯೂ ಬಂತು. ಆ ಆಟಿಕೆಗಳ ವೈಶಿಷ್ಟ್ಯವೇನೆಂದರೆ, ಕಲಿಸಿದವರು ಹೊರಟುಹೋದ ಮೇಲೂ ಮಗು ಬೀದಿಯ ಅಂಗಡಿಯಿಂದ ಬೆಂಕಿಪೊಟ್ಟಣ ತಂದು ಮತ್ತೆ ಮಾಡಿಕೊಳ್ಳಬಹುದು. ವಿದ್ಯೆ ಅಲ್ಲಿಯೇ ಉಳಿಯುತ್ತದೆ.

ಇದಕ್ಕಿಂತ ಹಳೆಯದಾದ, ನಮ್ಮವರದೇ ಆದ ಉದಾಹರಣೆಯೊಂದಿದೆ. ಮುದ್ದೇನಹಳ್ಳಿಯ ಬಡ ಹುಡುಗ ವಿಶ್ವೇಶ್ವರಯ್ಯನವರು ಮೈಸೂರು ಸರಕಾರದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಬಂದು ಓದಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಇಪ್ಪತ್ತು ವರ್ಷಗಳ ನಂತರ, 1903ರಲ್ಲಿ, ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಖಡಕವಾಸಲಾ ಜಲಾಶಯಕ್ಕೆ ಬಂದವು. ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ತಾವಾಗಿ ತೆರೆಯುವ, ಇಳಿದೊಡನೆ ತಾವಾಗಿ ಮುಚ್ಚುವ ಬಾಗಿಲುಗಳು. ‘ರೋಬೋಟ್’ ಎಂಬ ಮಾತು ಹುಟ್ಟುವುದಕ್ಕೆ ಇನ್ನೂ 17 ವರ್ಷವಿತ್ತು! ಆ ಹುಡುಗನಿಗೆ ನೆರವು ಕೊಟ್ಟ ವರ್ಷದ ಲೆಕ್ಕದಲ್ಲಿ ‘ಒಬ್ಬ ವಿದ್ಯಾರ್ಥಿ, ಇಷ್ಟು ರೂಪಾಯಿ’ ಎಂದಲ್ಲದೆ ಇನ್ನೇನು ಬರೆಯಲು ಸಾಧ್ಯವಿತ್ತು? ಆ ಸೇವೆಯ ನಿಜವಾದ ಲೆಕ್ಕ ಪಡೆದವನ ಬಾಳಿನಲ್ಲಿ ಬರೆಯಲ್ಪಟ್ಟಿತು, ಕೊಟ್ಟವರ ಪುಸ್ತಕದಲ್ಲಲ್ಲ.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಪುಣೆಯ ಸುತ್ತ ಏಳುತ್ತಿರುವ ಎತ್ತರದ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಿವೆ. ಅಲ್ಲಿರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರಿನ ಕಡೆಯಿಂದ ದುಡಿಯಲು ಬಂದವರು ಎಷ್ಟೋ ಮಂದಿ. ಅವರೂ ವಲಸೆ ಬಂದ ಕನ್ನಡಿಗರೇ. ನಾವು ವರ್ಗಾವಣೆಯ ಆರ್ಡರು ಹಿಡಿದು ಬಂದೆವು, ಅವರು ಗುತ್ತಿಗೆದಾರನ ಟ್ರಕ್ಕಿನಲ್ಲಿ ಬಂದರು, ಅಷ್ಟೇ ವ್ಯತ್ಯಾಸ. ‘ಡೋರ್ ಸ್ಟೆಪ್ ಸ್ಕೂಲ್’ನಂಥ ಸಂಸ್ಥೆಗಳು ಮೂರು ದಶಕಗಳಿಗೂ ಮೀರಿ ಇಂಥ ಮಕ್ಕಳ ಬಳಿಗೇ ಶಾಲೆಯನ್ನು ಒಯ್ಯುತ್ತಿವೆ. ಕಟ್ಟಡ ಮುಗಿದೊಡನೆ ಆ ಮಕ್ಕಳು ಬೇರೆ ಕಡೆಗೆ. ಮರಾಠಿ ಬಾಯಿಗೆ ಬರುವ ಹೊತ್ತಿಗೆ ಇನ್ನೊಂದು ಊರು. ಅವರಿಗೆ ಅವರ ಮಾತಿನಲ್ಲಿ ‘ಇದು ಗಾಲಿ ನೋಡ್ರೋ, ಇದು ಹಿಂಗ್ಯಾಕ ತಿರಗತೈತಿ ಹೇಳ್ರಿ ನೋಡೂಣು’ ಎಂದು ಕೇಳಬಲ್ಲವರು ಈ ಊರಿನಲ್ಲಿ ನಮ್ಮ ಮಕ್ಕಳಲ್ಲದೆ ಇನ್ನಾರು? ಮನೆಯಲ್ಲಿ ಕನ್ನಡ ಮಾತಾಡಲು ಸಂಕೋಚಪಡುವ ನಮ್ಮ ಹುಡುಗ ಹುಡುಗಿಯರಿಗೆ ಆ ಭಾಷೆ ಎಷ್ಟು ಬೆಲೆಯದೆಂದು ಅಲ್ಲಿ ಯಾರೂ ಬೋಧಿಸದೆ ತಿಳಿದೀತು.

ಅಲ್ಲಿ ಕೊಡುವುದಷ್ಟೇ ಅಲ್ಲ, ಪಡೆಯುವುದೂ ಇದೆ. ಗಾರೆ ಕೆಲಸದವರು ಉದ್ದನೆಯ ಪಾರದರ್ಶಕ ನಳಿಕೆಯಲ್ಲಿ ನೀರು ತುಂಬಿ, ಎರಡು ತುದಿಗಳಲ್ಲಿ ನೀರು ನಿಂತ ಮಟ್ಟ ನೋಡಿ, ದೂರದೂರದ ಎರಡು ಗೋಡೆಗಳ ಮೇಲೆ ಒಂದೇ ಮಟ್ಟದ ಗುರುತು ಹಾಕುತ್ತಾರೆ. ನಾವು ಬಿ.ಎಸ್‌ಸಿ. ಓದುವಾಗ ಪುಸ್ತಕದಲ್ಲಿ ಕಂಠಪಾಠ ಮಾಡಿದ ನಿಯಮ ಅದು. ಆ ಶೆಡ್ಡಿನ ಹತ್ತು ವರ್ಷದ ಹುಡುಗ ದಿನಾ ಅಪ್ಪನ ಕೈಯಲ್ಲಿ ಕಾಣುವಂಥದು. ಅವನು ಅದನ್ನು ತೋರಿಸಲಿ, ನಮ್ಮ ಮಕ್ಕಳು ಕಲಿಯಲಿ. ಶರಣರು ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತನ್ನು ಮೆಚ್ಚಿದ್ದರ ಹಿಂದಿನ ವಿವೇಕವೂ ಇದೇ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ, ಸ್ವೀಕರಿಸಿದವನೇ ಉಪಕಾರ ಮಾಡಿದವನು.

ಆದ್ದರಿಂದ ತಂಡದಲ್ಲಿ ಮಕ್ಕಳಿರುವ ತಾಯಿತಂದೆಯರಲ್ಲಿ ನಮ್ಮದೊಂದು ವಿನಂತಿ. ಅವರ ಪುಸ್ತಕವನ್ನು ಕಸಿದುಕೊಳ್ಳಬೇಡಿ, ಬಹುಮಾನದ ಆಸೆಯನ್ನು ಹಳಿಯಲೂ ಬೇಡಿ. ಎರಡು ಮಾತು ಮಾತ್ರ ಕೇಳಿ: ಅಲ್ಲಿಯ ಮಕ್ಕಳು ಸ್ಕ್ರೂಡ್ರೈವರನ್ನು ತಮ್ಮ ಕೈಯಲ್ಲಿ ಹಿಡಿದರೇ? ಸ್ಪರ್ಧೆ ಮುಗಿದ ಮೇಲೆ ನೀವು ಮತ್ತೆ ಅಲ್ಲಿಗೆ ಹೋದಿರೇ? ಎರಡನೆಯದು ಮುಖ್ಯ. ಸ್ಪರ್ಧೆಗೆ ಮುಂಚೆ ಹೋಗುವವನು ಹೋಗುವುದು ಬಹುಮಾನಕ್ಕೋ ಸೇವೆಗೋ, ಅವನಿಗೇ ಹೇಳಲು ಬಾರದು. ಬಹುಮಾನ ಬಂದೋ ತಪ್ಪಿಯೋ ಪುಸ್ತಕ ಮುಚ್ಚಿದ ಮೇಲೆ, ಬರೆದುಕೊಳ್ಳಲು ಪುಟವೇ ಇಲ್ಲದ ಒಂದು ಭಾನುವಾರ ಅವನು ಚೀಲದಲ್ಲಿ ಎರಡು ಮೋಟಾರು ಹಾಕಿಕೊಂಡು ಹೊರಟನೆಂದರೆ, ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಅಂಥ ಭಾನುವಾರಗಳನ್ನು ಏರ್ಪಡಿಸಲು ನಮ್ಮ ಸಂಘದ ಸದಸ್ಯರು ಮನಸ್ಸು ಮಾಡಿದರೆ ಹೆಚ್ಚಿನ ಖರ್ಚೇನೂ ಇಲ್ಲ: ಒಂದು ಚಾಪೆ, ಒಂದಿಷ್ಟು ತಂತಿ, ನಾಲ್ಕು ಬೆಂಕಿಪೊಟ್ಟಣ. ಕ್ಯಾಮೆರಾ ಬೇಕಿಲ್ಲ.