ಅಮ್ಮನ ಸೀರೆಯ ಮೇಲೆ ಕಾಲಿಡಬಹುದೇ?

ಹಳೆ ಬಟ್ಟೆಯಿಂದ ಕ್ರೋಶಾ ಹಾಸು ಹೆಣೆಯೋಣ ಎಂದು ನಮ್ಮ ಯುವಬಳಗ ಹೊರಟಾಗ ನಾವು ಎಣಿಸಿದ್ದ ಕಷ್ಟಗಳೇ ಬೇರೆ. ದಪ್ಪ ಕಡ್ಡಿ ಎಲ್ಲಿ ಸಿಗುತ್ತದೆ, ಹುಡುಗರು ಹೆಣೆಯಲು ಕೂರುತ್ತಾರೋ ಇಲ್ಲವೋ ಎಂಬಂಥವು. ಹುಡುಗರೇನೋ ಕೂತರು. ಆದರೆ ತೀರಿಹೋದ ತಾಯಿಯ ಸೀರೆಗಳನ್ನು ತಂದುಕೊಟ್ಟ ಒಬ್ಬರು ಗೇಟಿನವರೆಗೆ ಹೋಗಿ ತಿರುಗಿ ಬಂದು, "ಇದನ್ನ ಕಾಲೊರಸು ಮಾತ್ರ ಮಾಡಬೇಡಿ ಕಣಪ್ಪಾ" ಎಂದರು. ಅಂದಿನಿಂದ ನಮ್ಮೊಳಗೆ ವಾದ ನಡೆದೇ ಇದೆ.

ಮೊದಲು ಕೆಲಸದ ಮಾತು. ಹತ್ತಿ ಸೀರೆಯ ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಎಳೆದರೆ ನೂಲಿನ ಗುಂಟ ನೆಟ್ಟಗೆ ಹರಿಯುತ್ತದೆ. 4 ಸೆಂ.ಮೀ. ಅಗಲದ ಪಟ್ಟಿ ಮಾಡಿದರೆ ಐದೂವರೆ ಮೀಟರಿನ ಒಂದು ಸೀರೆಯಿಂದ ಸುಮಾರು 150 ಮೀಟರ್ ಸಿಗುತ್ತದೆ. ಆರು ಹೆಣಿಗೆಯಿಂದ ಆರಂಭಿಸಿ ಸುತ್ತಿಗೆ ಆರಾರು ಹೆಚ್ಚಿಸುತ್ತಾ ಹೋಗಬೇಕು. ಕಡಿಮೆಯಾದರೆ ಹಾಸು ಬಟ್ಟಲಾಗುತ್ತದೆ, ಜಾಸ್ತಿಯಾದರೆ ಅಂಚು ಅಲೆಯಾಗಿ ಏಳುತ್ತದೆ. ಆರೇ ಏಕೆಂದರೆ, ಹೆಣಿಗೆಯ ಎತ್ತರ ಅಗಲ ಹೆಚ್ಚುಕಡಿಮೆ ಒಂದೇ. ತ್ರಿಜ್ಯ ಒಂದು ಹೆಚ್ಚಿದರೆ ಪರಿಧಿ 6.28 ಹೆಚ್ಚುತ್ತದೆ. ಬಿ.ಎಸ್ಸಿ. ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬಂತು.

ಈಗ ಪ್ರಶ್ನೆಗೆ ಬರೋಣ. ಪೆಟ್ಟಿಗೆಯಲ್ಲಿಟ್ಟ ಸೀರೆ ಮಡಿಕೆಯಲ್ಲೇ ಸವೆಯುತ್ತದೆ, ಇಲ್ಲವೇ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಗಂಟು ಸೇರುತ್ತದೆ. ಅದಕ್ಕಿಂತ ಹಾಸಾಗುವುದು ಮೇಲಲ್ಲವೇ ಎಂದರು ಕೆಲವರು. ಅವರಿಗೆ ಶುಭಸಂದೇಶದ ಬಲವೂ ಇತ್ತು. ಯೊವಾನ್ನರ 13ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ತಾವು ನಡುವಿಗೆ ಕಟ್ಟಿಕೊಂಡ ವಸ್ತ್ರದಿಂದಲೇ ಶಿಷ್ಯರ ಪಾದ ಒರೆಸಿದರು. ಪಾದ ಒರೆಸುವ ಬಟ್ಟೆ ಕೀಳೆಂದರೆ ಪವಿತ್ರ ಗುರುವಾರಕ್ಕೆ ಅರ್ಥವೇನು?

ವಾದ ಚೆನ್ನಾಗಿದೆ, ಆದರೆ ಅದರಲ್ಲೊಂದು ಬಿರುಕಿದೆ. ಅಂದು ಬಾಗಿದವರು ಸ್ವತಃ ಯೇಸು. ಬೇರೊಬ್ಬರನ್ನು ಅವರು ಬಾಗಿಸಲಿಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ತಾಯಂದಿರು ಬದುಕಿದ್ದಾಗಲೇ ಎಲ್ಲರ ಕಾಲಡಿ ಇದ್ದವರು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡವರು. ಅದನ್ನು ತ್ಯಾಗವೆಂದು ಹೊಗಳಿ ನಾವು ಕೈತೊಳೆದುಕೊಂಡದ್ದೂ ಉಂಟು. ಅವರ ಸೀರೆ ಹೊಸಿಲಿಗೆ ಬೀಳುವುದನ್ನು ಮಗಳು ಒಪ್ಪದಿದ್ದರೆ ಅದು ಮೂಢನಂಬಿಕೆಯಲ್ಲ. ಬಟ್ಟೆಯಲ್ಲಿ ಅಮ್ಮ ಇದ್ದಾಳೆಂದಲ್ಲ, ಅಮ್ಮನನ್ನು ಹೇಗೆ ನಡೆಸಿಕೊಂಡೆವು ಎಂಬುದು ಅದನ್ನು ಕಂಡಾಗ ನೆನಪಾಗುತ್ತದೆ.

ಹಾಗೆಂದು ಆ ತಾಯಂದಿರು ಹಳೆ ಸೀರೆ ಹರಿಯಲು ಹಿಂದೆಮುಂದೆ ನೋಡಿದವರಲ್ಲ. ಮೆತ್ತಗಾದ ಸೀರೆ ತೊಟ್ಟಿಲಾಯಿತು, ಕೌದಿಯ ಪದರವಾಯಿತು, ಕೊನೆಗೆ ನೆಲ ಒರೆಸಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಇಂದಿಗೂ ಹಳೆ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅವರಲ್ಲಿ ಕಥೋಲಿಕರೂ ಇದ್ದಾರೆ. ನಾಲ್ಕು ಮೂಲೆಗೂ ಹೂ ಎಂದು ಕರೆಯುವ ಮಡಿಸಿದ ತುಂಡನ್ನು ಇಡದೆ ಅವರು ಕೌದಿ ಮುಗಿಯಿತೆನ್ನುವುದಿಲ್ಲ. ಹರಿಯುವುದೇ ಅವಮರ್ಯಾದೆಯಾಗಿದ್ದರೆ ಇಷ್ಟು ಅಕ್ಕರೆ ಎಲ್ಲಿಂದ ಬರಬೇಕು? ಯಾರು ಹರಿಯುತ್ತಾರೆ, ಯಾರನ್ನು ಕೇಳಿ ಹರಿಯುತ್ತಾರೆ ಎಂಬಲ್ಲಿ ವ್ಯತ್ಯಾಸವಿದೆ. ಅದಕ್ಕೇ ಈಗ ಬಟ್ಟೆ ತಂದವರನ್ನು "ಕೂರೋದಕ್ಕೋ, ಕಾಲಿಗೋ?" ಎಂದು ಕೇಳಿ ಚೀಟಿ ಹಚ್ಚುತ್ತೇವೆ. ತಮಿಳು ಪೂಜೆಗೆ ಬರುವವರಿಗೂ ಇದೇ ಪ್ರಶ್ನೆ. ಬಲಿಪೀಠದ ವಸ್ತ್ರಗಳನ್ನು ಮಾತ್ರ ದಯವಿಟ್ಟು ತರಬೇಡಿ. ಆರಾಧನೆಗೆ ಮೀಸಲಾದದ್ದನ್ನು ಲೌಕಿಕ ಬಳಕೆಗೆ ತರಬಾರದೆಂದು ಧರ್ಮಸಭೆಯ ಕಾನೂನಿನ 1171ನೇ ನಿಯಮವೇ ಹೇಳುತ್ತದೆ.

ನಮ್ಮನ್ನು ಇನ್ನೂ ಕಾಡುತ್ತಿರುವುದು ಹೊಸೂರಿನ ಗಾರ್ಮೆಂಟ್ಸ್‌ಗಳಿಂದ ಮೂಟೆಗಟ್ಟಿ ಬರುವ ಕಟಿಂಗ್ ವೇಸ್ಟ್. ಅದನ್ನು ಹೊಸಿಲಿಗೆ ಹಾಕಲು ಯಾರೂ ಅಳುಕುವುದಿಲ್ಲ. ನಮ್ಮದೇ ಧರ್ಮಕೇಂದ್ರದ ಅಕ್ಕಂದಿರು ಬೆಳಗಾಗುವ ಮುನ್ನ ವ್ಯಾನ್ ಹತ್ತಿ ಹೋಗಿ, ಟಾರ್ಗೆಟ್ ಮುಗಿಯುವವರೆಗೆ ದುಡಿದ ಬಟ್ಟೆಯ ಚೂರುಗಳು ಅವು. ಅಮ್ಮನ ಸೀರೆಗೆ ಮರುಗುವ ಮನಸ್ಸು ಇಲ್ಲೇಕೆ ಮರುಗದು? ನಮ್ಮಲ್ಲಿ ಒಮ್ಮತವಿಲ್ಲ. ಆ ಅಕ್ಕಂದಿರಲ್ಲೇ ಒಬ್ಬರನ್ನು ಕೇಳಿದೆವು. ಅವರು ನಕ್ಕು, "ಮೊದಲು ನಮಗೊಂದು ಕೊಡಿ, ಸಂಜೆ ಬಂದು ಕಾಲು ಚಾಚೋಕೆ" ಎಂದರು. ಈ ಶನಿವಾರ ಜ್ಞಾನೋಪದೇಶದ ತರಗತಿ ಮುಗಿದ ಮೇಲೆ ಹೆಣೆಯುವುದು ಅವರ ಹಾಸನ್ನೇ. ನೀಲಿ ಬಣ್ಣ ಬೇಕಂತೆ. ಮನೆಯಲ್ಲಿದ್ದರೆ ಒಗೆದು ತನ್ನಿ.